ಗಂಟು ಕೆಳಗೆ, ತಪ್ಪು ಮೇಲೆ

ನಮ್ಮ ದೊಡ್ಡಮ್ಮ ಮಧ್ಯಾಹ್ನದ ಹೊತ್ತು ಹೊಲಿಗೆ ಯಂತ್ರದ ಮುಂದೆ ಕೂರುವುದನ್ನು ಮನೆಯವರೆಲ್ಲ ‘ಹೊತ್ತು ಹೋಗಲಿಕ್ಕೆ ಏನೋ ಹೊಲಿಯುತ್ತಾಳೆ’ ಎಂದೇ ಹೇಳುತ್ತಾ ಬಂದಿದ್ದೆವು; ಆ ‘ಏನೋ’ ಎಂಬುದರಲ್ಲಿ ನಮ್ಮೆಲ್ಲರ ಅಂಗಿಗಳೂ ದಿಂಬಿನ ಚೀಲಗಳೂ ಸೇರಿದ್ದವೆಂಬುದು ಅವನ್ನೇ ತೊಟ್ಟು, ಅವುಗಳ ಮೇಲೆಯೇ ತಲೆಯಿಟ್ಟು ಮಲಗುವಾಗಲೂ ನಮಗೆ ಹೊಳೆದಿರಲಿಲ್ಲ. ಆದ್ದರಿಂದಲೇ ಕಿಟಕಿಯ ಪರದೆಗೆ ಅಂಚು ಮಡಚಿ ಹೊಲಿಯುವ ಸಂದರ್ಭ ಬಂದಾಗ, ‘ಅಷ್ಟಕ್ಕೆ ನೀವೇಕೆ, ನಾನೇ ಮಾಡುತ್ತೇನೆ’ ಎಂದುಬಿಟ್ಟೆ. ದೊಡ್ಡಮ್ಮ ಮರುಮಾತಾಡದೆ ಎದ್ದು, ತಮ್ಮ ಕ್ರೋಶಾ ಕಡ್ಡಿಯೊಂದಿಗೆ ಮೂಲೆಯ ಕುರ್ಚಿಗೆ ಹೋದರು.

ನನ್ನ ಸಿದ್ಧತೆಯಲ್ಲಿ ಕೊರತೆಯಿರಲಿಲ್ಲ. ಎರಡು ದಾರಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಹೊಲಿಯುವ ಯಂತ್ರಕ್ಕೆ ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದದ್ದೂ, ಕೈಸೂಜಿಯ ಹಿಂತುದಿಯಲ್ಲಿರುವ ಕಣ್ಣು ಯಂತ್ರದ ಸೂಜಿಯಲ್ಲಿ ಮೊನೆಯ ಬಳಿಯೇ ಇರುವುದೂ ನನಗೆ ಗೊತ್ತಿತ್ತು. ಚಕ್ರ ಯಾವ ಕಡೆಗೆ ತಿರುಗಬೇಕೆಂಬುದು ಮಾತ್ರ ಗೊತ್ತಿರಲಿಲ್ಲ. ಅದು ಹೊಲಿಯುವವರ ಕಡೆಗೆ ತಿರುಗಬೇಕಂತೆ. ನಾನು ಪೆಡಲ್ ತುಳಿದೊಡನೆ ಅದು ನನ್ನಿಂದ ದೂರಕ್ಕೆ ತಿರುಗಿ, ದಾರವನ್ನು ಟಪ್ಪೆಂದು ಕಡಿಯಿತು. ಮತ್ತೆ ಪೋಣಿಸಿದೆ, ಮತ್ತೆ ಕಡಿಯಿತು.

ಚಕ್ರ ಅಂತೂ ದಾರಿಗೆ ಬಂದ ಮೇಲೆ ಬಟ್ಟೆ ಸರಸರನೆ ಮುಂದೆ ಹೋಗತೊಡಗಿತು. ಮೇಲ್ಭಾಗದ ಹೊಲಿಗೆ ನೋಡಿ ನನಗೇ ಹೆಮ್ಮೆಯೆನಿಸಿತು. ಬಟ್ಟೆಯನ್ನು ಮಗುಚಿದರೆ ಕೆಳಗೆ ಗುಬ್ಬಚ್ಚಿ ಗೂಡು ಕಟ್ಟಿದಂತೆ ದಾರದ ಮುದ್ದೆ! ತಪ್ಪು ಕೆಳಗಿನ ದಾರ ಸುತ್ತಿಟ್ಟ ಬಾಬಿನ್ನಿನದೇ ಎಂದು ತೀರ್ಮಾನಿಸಿ, ಅದನ್ನು ಬಿಚ್ಚಿ, ಊದಿ, ಎಣ್ಣೆ ಬಿಟ್ಟು, ಮೂರು ಬಾರಿ ಮರಳಿ ಕೂರಿಸಿದೆ. ಯಂತ್ರಕ್ಕೆ ವಯಸ್ಸಾಗಿದೆ ಎಂದು ಗೊಣಗಿದೆ.

‘ನೆಲವೂ ಸಮವಾಗಿಯೇ ಇದೆ, ನೋಡಿಕೋ’ ಎಂದರು ದೊಡ್ಡಮ್ಮ, ತಲೆಯೆತ್ತದೆಯೇ. ಕುಣಿಯಲಾರದವಳ ಗಾದೆಯನ್ನು ಇಷ್ಟು ಸಭ್ಯವಾಗಿ ಯಾರೂ ನನಗೆ ಹೇಳಿರಲಿಲ್ಲ. ಬಳಿಕ ಅವರು, ‘ಗಂಟು ಕೆಳಗೆ ಬಿದ್ದರೆ ತಪ್ಪು ಮೇಲಿರುತ್ತದೆ. ಬಟ್ಟೆ ಒತ್ತುವ ಪಾದ ಇಳಿಸಿಲ್ಲ ನೀನು; ಸದ್ದಿನಲ್ಲೇ ಗೊತ್ತಾಗುತ್ತಿದೆ’ ಎಂದರು. ಪಾದ ಮೇಲಿದ್ದರೆ ಮೇಲಿನ ದಾರವನ್ನು ಬಿಗಿಹಿಡಿಯುವ ಬಿಲ್ಲೆಗಳು ಸಡಿಲವಾಗಿಯೇ ಉಳಿದು, ಹಿಡಿತವಿಲ್ಲದ ಆ ದಾರವೆಲ್ಲ ಕೆಳಗೆ ಹೋಗಿ ಗುಡ್ಡೆ ಬೀಳುತ್ತದೆ. ಇಷ್ಟನ್ನು ಅವರು ಕೋಣೆಯ ಆ ತುದಿಯಲ್ಲಿ ಕುಳಿತು, ಕ್ರೋಶಾದ ಕುಣಿಕೆಗಳನ್ನು ಎಣಿಸುತ್ತಲೇ, ಕಿವಿಯಿಂದ ಪತ್ತೆ ಮಾಡಿದ್ದರು, ಎಣಿಕೆಯೂ ತಪ್ಪಿರಲಿಲ್ಲ.

ಪಾದ ಇಳಿಸಿದ ಮೇಲೆ ಯಂತ್ರ ಸಂಗೀತದಂತೆ ಸಾಗಿತು. ಆ ಉತ್ಸಾಹದಲ್ಲಿ ಪರದೆಯ ಕೊನೆಯವರೆಗೂ ಹೊಲಿದು, ದಾರ ಕತ್ತರಿಸಿ, ಗೆದ್ದವನಂತೆ ಎದ್ದು ನಿಂತೆ. ಪರದೆಯೂ ನನ್ನೊಂದಿಗೇ ಎದ್ದಿತು. ನನ್ನ ಅಂಗಿಯ ಎಡತೋಳಿನ ತುದಿ ಅಂಚಿನೊಳಗೆ ಅಚ್ಚುಕಟ್ಟಾಗಿ ಸೇರಿಹೋಗಿತ್ತು. ಇಡೀ ದಿನದಲ್ಲಿ ನಾನು ಹಾಕಿದ ನೇರವಾದ ಹೊಲಿಗೆಯೆಂದರೆ ಅದೊಂದೇ.

ದೊಡ್ಡಮ್ಮ ನಗಲಿಲ್ಲ, ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಕನ್ನಡಕ ಸರಿಮಾಡಿಕೊಂಡು, ನನ್ನನ್ನು ಬೆಳಕಿಗೆ ತಿರುಗಿಸಿ ನಿಲ್ಲಿಸಿ, ಒಂದು ಬದಿಯಲ್ಲಿ ಮೂರು ಹೊಲಿಗೆಗೊಂದರಂತೆ ಬ್ಲೇಡಿನ ಮೂಲೆಯಿಂದ ದಾರ ಕತ್ತರಿಸುತ್ತಾ ಹೋದರು. ಆಮೇಲೆ ಬಟ್ಟೆಯನ್ನು ಮಗುಚಿ ಇನ್ನೊಂದು ಬದಿಯ ದಾರದ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದರು. ನಾನು ಬೆವರು ಸುರಿಸಿ ಹಾಕಿದ್ದ ಹೊಲಿಗೆಯೆಲ್ಲ ಸುರ್ರೆಂದು ಬಿಚ್ಚಿಕೊಂಡು, ತೋಳು ಬಿಡುಗಡೆಯಾಯಿತು. ಅಂಗಿಗೆ ಒಂದು ತೂತೂ ಬಿದ್ದಿರಲಿಲ್ಲ.

ಮತ್ತೆ ಹೊಲಿಯಲು ಕುಳಿತವರು ಟೇಪು ಮುಟ್ಟಲಿಲ್ಲ. ಬೆರಳ ಗೆಣ್ಣಿನಿಂದ ಅಳೆದು ಅಂಚು ಮಡಚಿದರು. ನಾನು ಕದ್ದು ಟೇಪು ಹಿಡಿದು ನೋಡಿದೆ, ಎರಡೂ ತುದಿಯಲ್ಲಿ ಒಂದೇ ಅಳತೆ. ಕೆಲಸ ಮುಗಿದ ಮೇಲೆ, ಬಿಚ್ಚಿ ತೆಗೆದ ನನ್ನ ದಾರವನ್ನು ಚೂರು ರಟ್ಟಿಗೆ ಸುತ್ತಿ ಡಬ್ಬಿಯಲ್ಲಿಟ್ಟರು.

‘ಅದೇಕೆ?’ ಎಂದೆ.

‘ತಾತ್ಕಾಲಿಕ ಟಾಕಿ ಹಾಕಲಿಕ್ಕೆ. ಹೇಗಿದ್ದರೂ ಬಿಚ್ಚುವ ಹೊಲಿಗೆಗೆ ಇದು ಸಾಕು’ ಎಂದರು.