ಧಣಿಯ ಹೊಗೆ, ಬಳ್ಳಾರಿಯ ಧೂಳು

ಬಳ್ಳಾರಿಯಲ್ಲಿ ಏನೇ ಎಡವಟ್ಟಾದರೂ ಅದನ್ನು ಹೊರೋಕೆ ಧೂಳು ಸದಾ ರೆಡಿ ಇರುತ್ತದೆ. ಕೆಮ್ಮು ಬಂತಾ? ಧೂಳು. ಕಣ್ಣು ಉರೀತಾ? ಧೂಳು. ಪ್ರಿಂಟರ್ ಕೆಟ್ಟಿತಾ? ಅದೂ ಧೂಳೇ. ಸಂಡೂರಿನ ಕಡೆಯಿಂದ ಅದಿರು ಹೊತ್ತು ಓಡಾಡಿದ ಲಾರಿಗಳು ಈ ಊರಿಗೆ ಏನು ಕೊಟ್ಟವೋ ಬಿಟ್ಟವೋ, ಒಂದು ಒಳ್ಳೆ ನೆಪವನ್ನಂತೂ ಕೊಟ್ಟಿವೆ. ಆ ನೆಪವನ್ನು ನಮ್ಮ ಧಣಿಯಷ್ಟು ಚೆನ್ನಾಗಿ ಬಳಸಿಕೊಂಡವರು ಮತ್ತೊಬ್ಬರಿಲ್ಲ.

ನಾನಿರುವುದು ಒಂದು ಲಾರಿ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ. ನೇಮಿಸಿಕೊಂಡಿದ್ದು ಅಕೌಂಟೆಂಟ್ ಅಂತ. ಧಣಿಯ ಬಾಯಲ್ಲಿ ಮಾತ್ರ ನಾನು ‘ಗುಮಾಸ್ತ್ರು’. ಒಂದೇ ರೂಮು, ಎರಡು ಮೇಜು, ಒಂದು ಎಸಿ. ಅವರ ಸಿಗರೇಟಿಗೂ ನನ್ನ ಮೂಗಿಗೂ ನಡುವೆ ಒಂದು ಲೆಡ್ಜರ್ ಇಡುವಷ್ಟು ಜಾಗ. ಜನವರಿಯಲ್ಲಿ ಹಳೇ ಕ್ಯಾಲೆಂಡರ್ ಇಳಿಸಿದಾಗ ಗೋಡೆಯ ಮೇಲೆ ಕ್ಯಾಲೆಂಡರಿನ ಅಳತೆಗೆ ಸರಿಯಾಗಿ ಒಂದು ಬಿಳಿ ಚೌಕ ಕಾಣಿಸಿತು. ಅದರ ಸುತ್ತ ಗೋಡೆಯೆಲ್ಲ ಚಹಾದ ಬಣ್ಣ. ಅಂದರೆ ನಮ್ಮ ಗೋಡೆ ಮೊದಲು ಬಿಳಿ ಇತ್ತು ಅಂತ ನನಗೆ ಗೊತ್ತಾಗಿದ್ದೇ ಅವತ್ತು. ಧಣಿ ಕನ್ನಡಕ ಏರಿಸಿ ನೋಡಿದರು. ಹೊಗೆ ಬಿಟ್ಟರು. “ಎಷ್ಟು ಧೂಳು ಕುಂತೈತಿ ನೋಡ್ರಿ ಗುಮಾಸ್ತ್ರೇ. ಈ ಊರಾಗ ಪೇಂಟ್ ಹೊಡಸೋದಾ ವೇಸ್ಟು” ಅಂದರು.

ಹಾಗಂತ ಅವರಿಗೆ ಹೊಗೆ ಅಂದ್ರೆ ಇಷ್ಟ ಅಂದುಕೊಳ್ಳಬೇಡಿ. ಬೇರೆಯವರ ಹೊಗೆ ಕಂಡರೆ ಆಗೋದೇ ಇಲ್ಲ. ಡ್ರೈವರುಗಳು ಟ್ರಿಪ್ ಅಡ್ವಾನ್ಸ್ ಇಸ್ಕೊಳ್ಳೋಕೆ ಬೀಡಿ ಕಚ್ಚಿಕೊಂಡು ಬಾಗಿಲಿಗೆ ಬಂದರೆ ಸಾಕು, ಬಾಯಲ್ಲಿದ್ದ ಸಿಗರೇಟು ತೆಗೆದು ಬೆರಳಿನ ಸಂದಿಯಲ್ಲಿ ಹಿಡಿದು ಕೂಗುತ್ತಾರೆ: “ಏಯ್, ಬೀಡಿ ಹೊರಗಲೇ! ಆಫೀಸಿದು, ಆಫೀಸು!” ಇನ್ನು ಮೆಣಸಿನಕಾಯಿ ಲೋಡಿನ ಸೀಜನ್ನಿನಲ್ಲಿ ಅವರನ್ನು ನೋಡಬೇಕು. ಬ್ಯಾಡಗಿಗೆ ಹೋಗುವ ಚೀಲಗಳನ್ನು ಹಮಾಲರು ಅಂಗಳದಲ್ಲಿ ಎತ್ತಿ ಹಾಕುವಾಗ ಘಾಟು ಒಳಗೆ ನುಗ್ಗುತ್ತದೆ. ಧಣಿ ಮೂಗಿಗೆ ಕರ್ಚೀಫು ಒತ್ತಿಕೊಂಡು, “ಈ ಘಾಟಿನಾಗ ಮನುಷ್ಯ ಉಸಿರಾಡೋದು ಹೆಂಗ್ರೀ?” ಅಂತ ಕೇಳುತ್ತಾರೆ. ನನ್ನನ್ನೇ ಕೇಳುತ್ತಾರೆ!

ಕಿಟಕಿ ತೆಗೀಬಹುದಲ್ಲ ಅಂತ ನೀವು ಕೇಳಬಹುದು. ಬಳ್ಳಾರಿಯಲ್ಲಿರೋದು ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಅಂತ ನಾವೇ ನಗಾಡುತ್ತೇವೆ. ಏಪ್ರಿಲ್ ಮಧ್ಯಾಹ್ನ 40 ಡಿಗ್ರಿ ದಾಟಿದಾಗ ಕಿಟಕಿ ತೆಗೆದವನನ್ನು ಆಫೀಸಿನಲ್ಲಿ ಯಾರೂ ಕ್ಷಮಿಸಲ್ಲ. ಕ್ಲೀನರ್ ಹುಡುಗ ಕೂಡ. ಎಸಿ ಇದೆಯಲ್ಲ, ಹೊಗೆ ಎಳ್ಕೊಳ್ಳುತ್ತೆ ಅನ್ನೋದು ಧಣಿಯ ನಂಬಿಕೆ. ನಾನೂ ನಂಬಿದ್ದೆ, ಮೆಕ್ಯಾನಿಕ್ ಬಂದು ಹೇಳುವವರೆಗೆ. ಗೋಡೆಗೆ ಹಾಕುವ ಈ ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರಲ್ಲವಂತೆ, ಒಳಗಿನದನ್ನು ಹೊರಗೆ ಹಾಕೋದೂ ಇಲ್ಲವಂತೆ. ರೂಮಿನ ಗಾಳಿಯನ್ನೇ ಎಳೆದು, ತಣ್ಣಗೆ ಮಾಡಿ, ರೂಮಿಗೇ ವಾಪಸ್ ಬಿಡುತ್ತದೆ. ಒಟ್ಟಿನಲ್ಲಿ ಧಣಿ ಬೆಳಿಗ್ಗೆ ಬಿಟ್ಟ ಹೊಗೆಯನ್ನೇ ನಾನು ಸಂಜೆವರೆಗೂ ತಣ್ಣಗೆ ಸೇವಿಸುತ್ತಿದ್ದೆ. ಮೆಕ್ಯಾನಿಕ್ ಫಿಲ್ಟರ್ ಬಿಚ್ಚಿ ತೋರಿಸಿದ. ಕಂದು ಬಣ್ಣದ ಅಂಟು, ಅದರ ಮೇಲೆ ಕೆಂಪು ಮಣ್ಣು. ಧಣಿ ಕೆಂಪನ್ನು ಮಾತ್ರ ನೋಡಿದರು.

ಕಾನೂನು ಅವರಿಗೆ ಗೊತ್ತಿಲ್ಲ ಅಂತೇನಿಲ್ಲ. ತಂಬಾಕಿನ ಕಾಯ್ದೆ ಬಂದಿದ್ದು 2003ರಲ್ಲಿ. ಆಫೀಸು, ಹೋಟೆಲು, ಕೆಲಸದ ಜಾಗ ಎಲ್ಲ ಸೇರಿಸಿ ದೇಶದ ತುಂಬಾ ನಿಷೇಧ ಜಾರಿಗೆ ಬಂದಿದ್ದು 2008ರ ಅಕ್ಟೋಬರ್ 2ಕ್ಕೆ, ಗಾಂಧಿ ಜಯಂತಿ ದಿನ. ತಪ್ಪಿದರೆ 200 ರೂಪಾಯಿವರೆಗೆ ದಂಡ. ಒಂದ್ಸಲ ಧೈರ್ಯ ಮಾಡಿ, ಪೇಪರಿನಲ್ಲಿ ಓದಿದ ಹಾಗೆ ಸುಮ್ನೆ ಈ ವಿಷಯ ತೆಗೆದೆ. ಧಣಿ ಕ್ಯಾಲ್ಕುಲೇಟರ್ ಎಳ್ಕೊಂಡು ಏನೋ ಒತ್ತಿದರು. “200 ಅಂದ್ರ ನನ್ನ ಒಂದಿನದ ಖರ್ಚಿಗಿಂತ ಕಮ್ಮಿ ಆತಲ್ರೀ” ಅಂತ ಖುಷಿಪಟ್ಟರು. ದಂಡವನ್ನು ರಿಯಾಯಿತಿ ಅಂತ ತಿಳಿದುಕೊಳ್ಳುವವರ ಮುಂದೆ ಏನು ಮಾತಾಡೋದು?

ಹೀಗಿರುವಾಗ ದೊಡ್ಡ ಕಾರ್ಖಾನೆಯೊಂದರಿಂದ ಸೇಫ್ಟಿಯವರು ಬಂದರು. ಅವರ ಲೋಡು ಹೊಡೆಯಬೇಕಾದರೆ ನಮ್ಮ ಆಫೀಸಿನಲ್ಲಿ ಬೆಂಕಿ ಆರಿಸುವ ಸಿಲಿಂಡರ್, ಫಸ್ಟ್ ಏಡ್ ಡಬ್ಬಿ, ಧೂಮಪಾನ ನಿಷೇಧದ ಬೋರ್ಡು ಇರಬೇಕಂತೆ. ನನಗೆ ಒಳಗೊಳಗೇ ಹಬ್ಬ. ಬೋರ್ಡಿನ ಕೆಲಸ ನನ್ನ ಪಾಲಿಗೇ ಬಂತು. ನಿಯಮವನ್ನು ಪೂರ್ತಿ ಓದಿದೆ. 60 ಸೆಂಟಿಮೀಟರ್‌ಗೆ 30 ಸೆಂಟಿಮೀಟರ್ ಅಳತೆ, ಬಿಳಿ ಹಿನ್ನೆಲೆ, ಇಲ್ಲಿ ಸೇದುವುದು ಅಪರಾಧ ಅನ್ನೋ ಬರಹ. ಜೊತೆಗೆ ಯಾರಾದರೂ ಸೇದುವುದು ಕಂಡರೆ ಯಾರಿಗೆ ದೂರು ಕೊಡಬೇಕೋ ಅವರ ಹೆಸರೂ ಎದ್ದು ಕಾಣುವ ಹಾಗೆ ಇರಬೇಕು.

ಪೇಂಟರ್ ಬ್ರಶ್ ಹಿಡಿದು ಕೇಳಿದ: “ದೂರು ಯಾರಿಗೆ ಅನ್ನೋ ಜಾಗಕ್ಕ ಯಾರ ಹೆಸರು ಬರೀಲ್ರೀ?”

“ನಂದಾ ಬರಿ” ಅಂದರು ಧಣಿ. “ಆಫೀಸು ಯಾರ್ದು?”

ಬೋರ್ಡನ್ನು ಅವರ ಕುರ್ಚಿಯ ಹಿಂದೆಯೇ ತೂಗುಹಾಕಿದರು. ಮೇಲೆ ನಿಷೇಧ, ನಡುವೆ ಅವರ ಹೆಸರು, ಕೆಳಗೆ ಅವರು, ಅವರ ಬಾಯಲ್ಲಿ ಸಿಗರೇಟು. ದೂರು ಬಂದಾಗ ಉಸ್ತುವಾರಿಯಲ್ಲಿ ಇರುವವರು ಸುಮ್ಮನೆ ಕೂತರೆ ಅವರ ಮೇಲೂ ಅಷ್ಟೇ ದಂಡ ಬೀಳುತ್ತದೆ ಅಂತಲೂ ನಿಯಮದಲ್ಲಿದೆ. ಸೇದಿದ್ದಕ್ಕೊಂದು, ಸೇದಿದವರನ್ನು ಸುಮ್ಮನೆ ಬಿಟ್ಟಿದ್ದಕ್ಕೊಂದು. ಲೆಕ್ಕದವನಾಗಿ ನನಗೆ ಇದು ತುಂಬಾ ಹಿಡಿಸಿತು. ಆದರೆ ದೂರು ಕೊಡೋರು ಯಾರು?

ಒಬ್ಬ ಡ್ರೈವರ್ ಮುಂದೆ ಬಂದ. ಅವತ್ತೇ ಬೀಡಿಗೆ ಬೈಸಿಕೊಂಡವನು. ಬೋರ್ಡನ್ನು ಅಕ್ಷರ ಅಕ್ಷರ ಕೂಡಿಸಿ ಓದಿ, ಟವೆಲ್ ಹೆಗಲಿಗೆ ಎಸೆದುಕೊಂಡು ನಿಂತ.

“ಧಣೀ, ಒಂದು ದೂರು ಐತ್ರೀ.”

“ಹೇಳಲೇ.”

“ಇಲ್ಲಿ ಒಬ್ರು ಒಳಗಾ ಸೇದಾಕತ್ಯಾರ್ರೀ.”

ಧಣಿ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಕೊನೆಗೆ ನನ್ನನ್ನು ನೋಡಿದರು. ಹೊಗೆ ಸೂರಿಗೆ ಹೋಗುತ್ತಾ ಇತ್ತು. “ಯಾರಲೇ ಅದು?” ಅಂದರು, ನಿಜವಾಗಲೂ ಸಿಟ್ಟಿನಿಂದ.

ಡ್ರೈವರನ ಟವೆಲ್ ಹೆಗಲಿಂದ ಕೈಗೆ ಬಂತು. “ಈಗ ಹೊರಗ ಹೋದ್ರು ಬಿಡ್ರೀ” ಅಂದ.

“ಮತ್ತ ಬಂದ್ರ ಹೇಳು. ಸುಮ್ನ ಬಿಡಬಾರ್ದು ಇಂಥೋರ್ನ.”

ನಿಯಮದಲ್ಲಿ ಇನ್ನೊಂದು ಸಾಲಿತ್ತು. ನಿಷೇಧ ಇರುವ ಜಾಗದಲ್ಲಿ ಆಶ್‌ಟ್ರೇ, ಬೆಂಕಿಪೊಟ್ಟಣ, ಲೈಟರ್ ಒದಗಿಸಬಾರದು. ಇದನ್ನು ಧಣಿ ತಪ್ಪದೆ ಪಾಲಿಸಿದರು. ಅಷ್ಟು ವರ್ಷದ ಹಿತ್ತಾಳೆ ಆಶ್‌ಟ್ರೇಯನ್ನು ಅವತ್ತೇ ಮನೆಗೆ ಕಳಿಸಿಬಿಟ್ಟರು. ಸಿಗರೇಟು ಮಾತ್ರ ಆಫೀಸಿನಲ್ಲೇ ಉಳಿಯಿತು. ಬೂದಿಗೆ ಮನೆಯಿಲ್ಲದಂತಾಯಿತು. ಚಹಾದ ಬಸಿಯಲ್ಲಿ ಬೂದಿ, ಗುಂಡುಪಿನ್ನಿನ ಡಬ್ಬಿಯಲ್ಲಿ ಬೂದಿ, ಸ್ಟಾಂಪ್ ಪ್ಯಾಡಿನ ಮೇಲೆ ಬೂದಿ. ವೆಂಕಟೇಶ್ವರನ ಫೋಟೋ ಮುಂದಿನ ಊದಿನಕಡ್ಡಿ ಸ್ಟ್ಯಾಂಡಿನಲ್ಲಿ ಯಾವುದು ಭಕ್ತಿಯ ಬೂದಿ, ಯಾವುದು ಚಟದ ಬೂದಿ ಅಂತ ಗುಡಿಸೋ ಹೆಂಗಸಿಗೂ ಗೊತ್ತಾಗುತ್ತಿರಲಿಲ್ಲ.

ಆಮೇಲೆ ಒಂದು ಸೊನ್ನೆ ಸುಟ್ಟಿತು. ಸಿರುಗುಪ್ಪದಿಂದ ಹೊರಟಿದ್ದ ಅಕ್ಕಿ ಲೋಡಿನ ಎಲ್‌ಆರ್, ಅಂದರೆ ಲಾರಿ ರಸೀದಿ. ಬರೆದವನು ನಾನು, ಬ್ಯಾಲೆನ್ಸ್ ಬಾಡಿಗೆ 18000. ಫೋನು ಬಂತು ಅಂತ ಧಣಿ ಸಿಗರೇಟನ್ನು ಮೇಜಿನ ಅಂಚಿಗಿಟ್ಟರು. ಅದು ಉರುಳಿ ಎಲ್‌ಆರ್ ಪುಸ್ತಕದ ಮೇಲೆ ಮಲಗಿತು. ನಾನು ನೋಡಿ ಎತ್ತುವಷ್ಟರಲ್ಲಿ ಕಾರ್ಬನ್ ಸಮೇತ ಮೂರೂ ಕಾಪಿಯಲ್ಲಿ ತೂತು. ಅಂಚು ಕಪ್ಪಗೆ, ಅದರಾಚೆ ಹಳದಿ, ನಡುವೆ ಏನೂ ಇಲ್ಲ. ಇದ್ದ ಮೂರು ಸೊನ್ನೆಯಲ್ಲಿ ಕೊನೆಯದು ಹೋಗಿತ್ತು. ಬೇರೆ ಬರೀತೀನಿ ಅಂದೆ. “ಗಾಡಿ ನಿಂತೈತಿ, ಕೊಟ್ ಕಳಸ್ರಿ, ಅವರಿಗೆ ಗೊತ್ತಾಗ್ತೈತಿ” ಅಂದರು. ಅವರಿಗೆ ಗೊತ್ತಾಗಲಿಲ್ಲ. ಅಥವಾ ಚೆನ್ನಾಗಿಯೇ ಗೊತ್ತಾಯಿತು. ಹುಬ್ಬಳ್ಳಿಯ ಪಾರ್ಟಿ ಡ್ರೈವರನ ಕೈಗೆ 1800 ಎಣಿಸಿ ಕಳಿಸಿದರು. ಫೋನ್ ಮಾಡಿದರೆ, “ನಿಮ್ಮ ಕಾಗದದಾಗ ಇದ್ದದ್ದಾ ಕೊಟ್ಟೇವ್ರೀ. ಇಷ್ಟಕ್ಕೂ ಹೋಗಿದ್ದು ಒಂದು ಸೊನ್ನಿ, ಅದಕ್ಕೇನು ಬೆಲಿ?” ಅಂತ ನಕ್ಕರು. ಆ ಸೊನ್ನೆ ವಸೂಲಾಗುವಷ್ಟರಲ್ಲಿ ನನ್ನ ಗಂಟಲು ಬಿದ್ದುಹೋಯಿತು. ಧಣಿಯ ತೀರ್ಮಾನ ಏನು ಗೊತ್ತಾ? ಇನ್ನು ಮೇಲೆ ಎಲ್‌ಆರ್ ಪುಸ್ತಕ ಮೇಜಿನ ಅಂಚಿನಲ್ಲಿ ಇಡಬಾರದು.

2025ರಲ್ಲಿ ನಮ್ಮ ರಾಜ್ಯದಲ್ಲಿ ಕಾನೂನು ಇನ್ನೂ ಬಿಗಿಯಾಯಿತು. ದಂಡ 1000 ರೂಪಾಯಿಗೆ ಏರಿತು. ಕೊಳ್ಳುವವರ ವಯಸ್ಸು 18ರಿಂದ 21ಕ್ಕೆ ಹೋಯಿತು. ಬಿಡಿ ಸಿಗರೇಟು ಮಾರುವ ಹಾಗಿಲ್ಲ ಅಂತಲೂ ಆಯಿತು. ಇದರಿಂದ ನಮ್ಮ ಆಫೀಸಿನಲ್ಲಿ ಉದ್ಧಾರ ಆದವನು ಒಬ್ಬನೇ, ಆಫೀಸ್ ಹುಡುಗ. ಅವನಿಗಿನ್ನೂ 20. ಬಿಸಿಲಲ್ಲಿ ಮೋತಿ ಸರ್ಕಲ್ ತನಕ ಸಿಗರೇಟಿಗೆ ಓಡಾಡಿ ಸಾಕಾಗಿದ್ದವನು, ಪೇಪರ್ ಕಟಿಂಗ್ ಹಿಡ್ಕೊಂಡು ಬಂದು, “ನನಗ ಕೊಡಂಗಿಲ್ಲಂತ್ರೀ ಧಣೀ, ಕೇಸಾಗ್ತೈತಂತ್ರೀ” ಅಂದುಬಿಟ್ಟ. ಕಾನೂನನ್ನು ಇಷ್ಟು ಸಮಯಕ್ಕೆ ಸರಿಯಾಗಿ ಓದಿದವರನ್ನು ನಾನು ನೋಡಿಲ್ಲ. ಧಣಿ ಸುತ್ತ ನೋಡಿದರು. 21 ದಾಟಿ, ಕೈ ಖಾಲಿ ಇದ್ದವನು ನಾನೊಬ್ಬನೇ.

ಹಾಗೆ ಹುಟ್ಟಾ ಸಿಗರೇಟು ಮುಟ್ಟದ ನಾನು ಮೋತಿ ಸರ್ಕಲ್ಲಿನ ಪಾನ್ ಅಂಗಡಿ ಮುಂದೆ ಪ್ಯಾಕೆಟ್ ಹಿಡಿದು ಚಿಲ್ಲರೆಗೆ ಕೈ ಚಾಚಿ ನಿಂತಿದ್ದಾಗ, ಪಕ್ಕದಲ್ಲೇ ಒಂದು ಬಿಳಿ ಜುಬ್ಬಾ ಬಂದು ನಿಂತಿತು. ನನ್ನ ಹೆಂಡತಿಯ ಸೋದರಮಾವ. ರಿಟೈರಾದ ಮೇಷ್ಟ್ರು, ಹಣೆ ತುಂಬ ವಿಭೂತಿ. ಮದುವೆ ಮಾತುಕತೆಯಲ್ಲಿ ಎಲ್ಲರೂ ನನ್ನ ಸಂಬಳ ಕೇಳಿದರೆ ಇವರೊಬ್ಬರು ಮಾತ್ರ, “ಹುಡುಗಗ ಚಟಾ ಗಿಟಾ ಏನಾರ ಐತೇನು?” ಅಂತ ಕೇಳಿದ್ದವರು. ಈಗ ಅವರ ಕಣ್ಣು ಪ್ಯಾಕೆಟ್ಟಿನ ಮೇಲಿತ್ತು.

“ಮಾವಾರೆ, ಇದು ನಂದಲ್ರೀ, ನಮ್ಮ ಧಣಿಯವ್ರು...” ಅಂತ ಶುರು ಮಾಡಿದೆ.

ಅವರು ರಸ್ತೆಯ ಎರಡೂ ಕಡೆ ನೋಡಿದರು. ಹತ್ತಿರ ಸರಿದರು. “ಯಾರ್ದಾರ ಇರ್ಲಿ ಅಳಿಯಂದ್ರೇ. ಅದರಾಗ ಒಂದು ಕೊಡ್ರಿ. ಈತ ಬಿಡಿ ಕೊಡಂಗಿಲ್ಲ ಅಂತಾನ, ಪ್ಯಾಕು ಒಯ್ದರ ಮನಿಯಾಗ ಎಲ್ಲಿ ಇಡ್ಲಿ? ನಿಮ್ಮತ್ತಿಗೆ ಗೊತ್ತಾದ್ರ ನನ್ನ ಕತಿ ಮುಗೀತು.”

ಹಿರಿಯರು. ಹುಡುಗಿ ಕಡೆಯವರು. ಕೊಟ್ಟೆ. ಕಾರಣ ಇಷ್ಟೇ.

ಆಫೀಸಿಗೆ ಬಂದರೆ ಧಣಿ ಪ್ಯಾಕೆಟ್ ಬಿಚ್ಚಿ ಎಣಿಸಿದರು. ಲಾರಿ ಡೀಸೆಲ್ಲನ್ನು ಎಂದೂ ಇಷ್ಟು ಕಾಳಜಿಯಿಂದ ಅಳೆದವರಲ್ಲ. “ಒಂದು ಕಮ್ಮಿ ಐತಲ್ರೀ?”

ಏನು ಹೇಳಲಿ? ಮಾವನವರ ಗುಟ್ಟು ಬಿಡೋ ಹಾಗಿಲ್ಲ. ಅಂಗಡಿಯವನ ಮೇಲೆ ಹಾಕಿದರೆ ಧಣಿ ಫೋನ್ ಹಚ್ಚುತ್ತಾರೆ. ಸುಮ್ಮನೆ ನಿಂತೆ. ಆ ಮೌನದ ಅರ್ಥ ಅವರಿಗೆ ಆಗಿಬಿಟ್ಟಿತು. ಮುಖ ಅರಳಿತು. ಎದ್ದು ಬಂದು ಬೆನ್ನು ತಟ್ಟಿದರು. “ಮೊದ್ಲಾ ಹೇಳಬಾರ್ದೇನ್ರೀ! ಇಷ್ಟು ವರ್ಷ ಎದುರಿಗೆ ಕುಂತು ಸುಮ್ನ ಆಸಿ ಪಟ್ಟಿರಿ. ಮೇಲಿಂದ ಮೇಲೆ ಕೆಮ್ಮೋದು ನೋಡಿದಾಗಾ ನನಗ ಡೌಟ್ ಇತ್ತು.”

ಅವತ್ತಿನಿಂದ ನನ್ನ ಕುರ್ಚಿ ಅವರ ಮೇಜಿನ ಪಕ್ಕಕ್ಕೆ ಬಂತು. ಮೊದಲು ಮರ್ಯಾದೆಗಾದರೂ ಮುಖ ಆ ಕಡೆ ತಿರುಗಿಸಿ ಹೊಗೆ ಬಿಡುತ್ತಿದ್ದವರು ಈಗ ಸ್ನೇಹದಿಂದ ನನ್ನ ಕಡೆಗೇ ಬಿಡುತ್ತಾರೆ. ಸಂಬಳ ಜಾಸ್ತಿ ಮಾಡಿ ಅಂತ ಕೇಳಿದಾಗ ಬೇಗ ಒಪ್ಪಿದರು, ಅದನ್ನು ಮುಚ್ಚಿಡಲ್ಲ. ದೂರು ತಂದಿದ್ದ ಡ್ರೈವರ್ ಮಾತ್ರ ಬಾಗಿಲಲ್ಲಿ ನಿಂತು ನನ್ನನ್ನೂ ಬೋರ್ಡನ್ನೂ ನೋಡಿ, “ನೀವೂನಾ ಗುಮಾಸ್ತ್ರೇ?” ಅಂದು ಹೋದ.

ಆ ವರ್ಷದ ಆಯುಧ ಪೂಜೆ ಅಕ್ಟೋಬರ್ 1ಕ್ಕೆ ಬಂತು. ನಿಷೇಧಕ್ಕೆ 17 ವರ್ಷ ತುಂಬೋಕೆ ಒಂದೇ ದಿನ ಬಾಕಿ. ಲಾರಿಗಳಿಗೆ ಬಾಳೆಕಂದು, ಚೆಂಡುಹೂವು, ಚಕ್ರಕ್ಕೆ ನಿಂಬೆಹಣ್ಣು. ಬೂದಗುಂಬಳಕಾಯಿ ಒಡೆದ ಮೇಲೆ ಧಣಿ ಎಲ್ಲರಿಗೂ ಬಟ್ಟೆ, ಸ್ವೀಟ್ ಬಾಕ್ಸ್ ಹಂಚಿದರು. ನನ್ನನ್ನು ಒಳಗೆ ಕರೆದು, ಬೋರ್ಡಿನ ಕೆಳಗೆ ನಿಲ್ಲಿಸಿ, ಕೈಯಲ್ಲಿ ಒಂದು ಚಿಕ್ಕ ಡಬ್ಬಿ ಇಟ್ಟರು. ಸ್ಟೀಲಿನ ಲೈಟರ್. ಮೇಲೆ ಅರಿಶಿನ ಕುಂಕುಮ ಬೇರೆ, ಅದೂ ಆಯುಧವೇ ಅಲ್ವಾ.

ಲೈಟರ್ ಈಗ ಮಾವನವರ ಜುಬ್ಬಾದ ಒಳಜೇಬಿನಲ್ಲಿದೆ. ಗ್ಯಾಸ್ ಮುಗಿದಾಗ ಫೋನ್ ಮಾಡುತ್ತಾರೆ. ತುಂಬಿಸಿಕೊಟ್ಟಾಗಲೆಲ್ಲ ಒಂದು ಬುದ್ಧಿಮಾತು ಇದ್ದೇ ಇರುತ್ತದೆ: “ಧಣಿ ಭಾಳ ಛಲೋ ಮನುಷ್ಯ ಅದಾನ್ರೀ ಅಳಿಯಂದ್ರೇ. ಎದುರು ಮಾತಾಡಾಕ ಹೋಗಬ್ಯಾಡ್ರಿ.”