ಓದೋದಾದ್ರೆ ಲೈಬ್ರರಿಗೆ ಹೋಗ್ಬೇಕಂತೆ

ನಿನ್ನೆ ಸಂಜೆ ಅಕ್ಕನ ಮಗಳನ್ನು ಕರೆದುಕೊಂಡು ಬರಲು ಅವಳ ಕಾಲೇಜ್ ಗ್ರೌಂಡಿಗೆ ಹೋಗಿದ್ದೆ. ಗೊತ್ತಲ್ಲ, 800 ಮೀಟರ್ ಓಡುವವಳು, ಇಂಜಿನಿಯರಿಂಗ್ ಐದನೇ ಸೆಮ್. ಬುಧವಾರ ಅಥ್ಲೆಟಿಕ್ಸ್ ಮೀಟ್ ಇದೆ. ಅದೇ ಬುಧವಾರ ಬೆಳಿಗ್ಗೆ ಇಂಟರ್ನಲ್ಸ್ ಕೂಡ. "ಸರ್, ಟೆಸ್ಟ್ ಮುಗಿಸ್ಕೊಂಡು ನೇರ ಬಂದ್ಬಿಡ್ತೀನಿ, ನನ್ನ ಹೀಟ್ಸ್ ಹೇಗೂ ಮಧ್ಯಾಹ್ನ" ಅಂದಳು. (ಹೀಟ್ಸ್ ಅಂದ್ರೆ ಫೈನಲ್‌ಗೆ ಮುಂಚಿನ ಆಯ್ಕೆ ಓಟ.) ಅವರ ಪಿ.ಟಿ. ಸರ್ ಇಡೀ ಗ್ರೌಂಡಿಗೆ ಕೇಳುವ ಹಾಗೆ, "ಓದೋದಾದ್ರೆ ಲೈಬ್ರರಿಗೆ ಹೋಗಮ್ಮ. ಸೀರಿಯಸ್ ಇಲ್ದೋರು ನಂಗೆ ಬೇಡ" ಅಂದರು.

ಸೀರಿಯಸ್ ಇಲ್ಲ! ಬೆಳಿಗ್ಗೆ ಐದಕ್ಕೆ ಎದ್ದು, ಕತ್ತಲಲ್ಲಿ 300 ಮೀಟರ್ ಆರು ಸಲ ಓಡಿ, ಡಬ್ಬಿಯಲ್ಲಿದ್ದ ಚಿತ್ರಾನ್ನವನ್ನು ಬಸ್ಸಿನಲ್ಲೇ ತಿಂದು, ಸಂಜೆ ನಾಲ್ಕೂವರೆವರೆಗೆ ಲ್ಯಾಬಿನಲ್ಲಿ ನಿಲ್ಲುವವಳು ಸೀರಿಯಸ್ ಇಲ್ಲವಂತೆ.

ತಮಾಷೆ ಏನಂದ್ರೆ, ಹೋದ ತಿಂಗಳು ಅವಳ ಡಿಪಾರ್ಟ್‌ಮೆಂಟಿನಲ್ಲೂ ಇದೇ ಮಾತು. ಶೇ. 85 ಹಾಜರಿ ಬೇಕು, ಮೀಟಿಗೆ ಹೋದ ದಿನದ ಹಾಜರಿ ಉಳಿಸೋ ಆನ್-ಡ್ಯೂಟಿ (OD) ಲೆಟರ್‌ಗೆ ಮೂರು ಸಹಿ ಬೇಕು, ಸಹಿ ಹಾಕಬೇಕಾದವರು ಸದಾ ಮೀಟಿಂಗಲ್ಲಿ. "ನಿಂಗೆ ಓದಿನಲ್ಲಿ ಸೀರಿಯಸ್‌ನೆಸ್ ಇಲ್ಲ" ಅಂದರಂತೆ. ಜೊತೆಗೆ, ಓಡ್ಬೇಡ ಓದು ಅನ್ನೋ ಹಳೇ ಜೋಕು. ಆ ಜೋಕಿಗೆ ನನ್ನಷ್ಟೇ ವಯಸ್ಸು.

ಅವಳ ಲೆಕ್ಕ ಮಾತ್ರ ಸರಳ. ಮೊದಲು ಓದು, ಆಮೇಲೆ ಓಟ. ಬಾಯಿಬಿಟ್ಟೇ ಹೇಳ್ತಾಳೆ. ಆಮೇಲೆ ಅಂದಮಾತ್ರಕ್ಕೆ ಓಟ ಕಾಟಾಚಾರಕ್ಕೆ ಅಂತಾನಾ? ಮನೆಯಲ್ಲಿ ಎರಡನೇ ಮಗು ಹುಟ್ಟಿದರೆ ಅದಕ್ಕೆ ಅನ್ನ ಹಾಕಲ್ವಾ?

ಎರಡು ದೋಣಿಯ ಮೇಲೆ ಕಾಲಿಟ್ಟ ಹಾಗೆ ಆಗುತ್ತೆ ಅಂತ ಕಾಮೆಂಟ್ ಬರೆಯಲು ಕೆಲವರು ಬೆರಳು ಮಸೆಯುತ್ತಿದ್ದೀರಿ, ಗೊತ್ತು. ತಡೀರಿ. 1954ರ ಮೇ 6ರಂದು ರೋಜರ್ ಬ್ಯಾನಿಸ್ಟರ್ ಅನ್ನೋ ಮೆಡಿಕಲ್ ವಿದ್ಯಾರ್ಥಿ ಬೆಳಿಗ್ಗೆ ಲಂಡನ್ನಿನ ಆಸ್ಪತ್ರೆಯಲ್ಲಿದ್ದ. ಅಲ್ಲಿಂದ ರೈಲು ಹತ್ತಿ ಆಕ್ಸ್‌ಫರ್ಡ್‌ಗೆ ಹೋಗಿ, ಸಂಜೆ ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡಿನಲ್ಲಿ ಓಡಿದ. ಅದಕ್ಕೂ ಮೊದಲು ನಾಲ್ಕು ನಿಮಿಷದೊಳಗೆ ಯಾರೂ ಓಡಿರಲಿಲ್ಲ. ಹಳೇ ಕಥೆ ಬೇಡ್ವಾ? 2024ರ ಪ್ಯಾರಿಸ್ ಒಲಿಂಪಿಕ್ಸ್‌ನ 200 ಮೀಟರ್ ಚಿನ್ನ ಗ್ಯಾಬಿ ಥಾಮಸ್‌ಗೆ. ಹಾರ್ವರ್ಡ್‌ನಲ್ಲಿ ನರಜೀವವಿಜ್ಞಾನ ಓದಿದವಳು. ಅಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ಪೇ ಕೊಡಲ್ಲ. ಸಾಲದ್ದಕ್ಕೆ ಅಮೆರಿಕದ ದೊಡ್ಡ ಕಾಲೇಜು ಲೀಗಿನಲ್ಲಿ, ಸೀಸನ್ ಇದ್ದಾಗ ವಾರಕ್ಕೆ 20 ಗಂಟೆಗಿಂತ ಜಾಸ್ತಿ ಅಭ್ಯಾಸ ಮಾಡಿಸಬಾರದು ಅಂತ ನಿಯಮವೇ ಇದೆ. ಎಲ್ಲ ಕಡೆ ಸರಿಯಾಗಿ ಪಾಲಿಸ್ತಾರೆ ಅಂತಲ್ಲ. ನಿಯಮ ಅಂತ ಒಂದಾದರೂ ಇದೆ.

ನಮ್ಮ ಹುಡುಗಿ ಗ್ಯಾಬಿ ಥಾಮಸ್ ಅಲ್ಲ, ಒಪ್ಪಿದೆ. ಅವಳು ಕೇಳಿದ್ದು ಒಲಿಂಪಿಕ್ಸ್ ಟಿಕೆಟ್ಟೂ ಅಲ್ಲ. ಟೆಸ್ಟ್ ಬರೆದು ಬರ್ತೀನಿ ಅಂದಳು, ಅಷ್ಟೇ. ಇಂಟರ್ನಲ್ಸ್ ಟೈಮ್‌ಟೇಬಲ್ ಮಾಡುವವರೂ ಮೀಟ್ ತಾರೀಕು ಹಾಕುವವರೂ ಒಂದೇ ಒಂದು ಸಲ ಫೋನಲ್ಲಿ ಮಾತಾಡಿಕೊಂಡಿದ್ದರೆ ಇಷ್ಟು ರಾಮಾಯಣ ಆಗ್ತಾ ಇತ್ತಾ?

ಬರುವಾಗ ಬೈಕಿನ ಹಿಂದೆ ಕೂತು ಕೇಳಿದಳು, "ನೀನ್ಯಾಕೆ ಓಡೋದು ಬಿಟ್ಟೆ ಮಾಮ?"

"ಓದ್ಬೇಕಿತ್ತಲ್ವಾ" ಅಂದೆ. ಇಪ್ಪತ್ತು ವರ್ಷದಿಂದ ಎಲ್ಲರಿಗೂ ಇದನ್ನೇ ಹೇಳಿಕೊಂಡು ಬಂದಿದ್ದೇನೆ, ನಿಮಗೂ ಹೇಳಿರ್ತೀನಿ. ಸುಳ್ಳು. ಎರಡು ವರ್ಷ ಹೀಟ್ಸ್‌ನಲ್ಲೇ ಹೊರಗೆ ಬಿದ್ದೆ, ಮೂರನೇ ವರ್ಷ ಸೋಲೋಕೆ ಹೆದರಿದೆ. ಬಿಟ್ಟ ಮೇಲೆ ಉಳಿದ ಎರಡು ಗಂಟೆ ಹಾಸ್ಟೆಲ್ಲಿನ ಇಸ್ಪೀಟಿಗೆ ಹೋಯಿತು. ಆ ಸೆಮ್‌ನಲ್ಲೇ ನಾನು ಮೊದಲ ಸಲ ಫೇಲಾಗಿ ಬ್ಯಾಕ್ ಉಳಿದದ್ದು.

ಬುಧವಾರ ರಜಾ ಹಾಕಿದ್ದೇನೆ. ಟೆಸ್ಟ್ ಹಾಲಿನಿಂದ ಸ್ಟೇಡಿಯಮ್ಮಿಗೆ ಬಸ್ಸಿನಲ್ಲಿ ಒಂದೂಕಾಲು ಗಂಟೆ, ನನ್ನ ಬೈಕಿನಲ್ಲಿ ನಲವತ್ತು ನಿಮಿಷ. ಅಷ್ಟರೊಳಗೆ ಸರ್ ಅವಳ ಹೆಸರು ಹೊಡೆದು ಹಾಕಿರದಿದ್ದರೆ ಸಾಕು.