ಹಲಗೆ ನೀರು ಬಿಟ್ಟರೆ ಯಾವ ಲೆಕ್ಕ?

ರಾತ್ರಿ ಹನ್ನೊಂದು ಗಂಟೆಗೆ ಫೋನ್ ಬಂದರೆ ನಮ್ಮ ಕಡೆ ಎರಡೇ ಅರ್ಥ. ಒಂದೋ ಯಾರೋ ತೀರಿಕೊಂಡಿದ್ದಾರೆ, ಇಲ್ಲ ಗಲ್ಫಿನಲ್ಲಿರುವವರಿಗೆ ಹೊತ್ತಿನ ಅಂದಾಜು ಇಲ್ಲ. ಕಳೆದ ತಿಂಗಳು ಬಂದದ್ದು ಎರಡನೆಯದು. ದುಬೈಯಲ್ಲಿರುವ ಅಳಿಯ. ದನಿ ಮಾತ್ರ ಮೊದಲನೆಯದರ ಹಾಗೇ ಇತ್ತು.

"ಮಾವ, ನನ್ನನ್ನು ಲೆಕ್ಕದಿಂದ ತೆಗೆದರು."

ಕೆಲಸ ಹೋಯಿತು ಅಂದುಕೊಂಡು ನನ್ನ ಎದೆ ಧಸಕ್ಕೆಂದಿತು. ವಿಷಯ ಅದಲ್ಲ. ರಜೆಯ ದಿನ ಇವನು ಹಾಯಿ ಸಿಕ್ಕಿಸಿದ ಹಲಗೆಯ ಮೇಲೆ ನಿಂತು ಸಮುದ್ರದಲ್ಲಿ ಓಡುತ್ತಾನೆ. ವಿಂಡ್‌ಸರ್ಫಿಂಗ್. ಹೋದ ವರ್ಷ ಹಲಗೆಯ ಅಡಿಗೆ ಹೈಡ್ರೋಫಾಯಿಲ್ ಹಾಕಿಸಿದ. ಈ ವರ್ಷ ಅವರ ಕೂಟದ ಪಂದ್ಯದಲ್ಲಿ ಮೊದಲು ಬಂದ. ಹಳಬರೆಲ್ಲ ಸೇರಿ, ನಿನ್ನದು ಫಾಯಿಲಿಂಗ್, ವಿಂಡ್‌ಸರ್ಫಿಂಗ್ ಅಲ್ಲವೇ ಅಲ್ಲ ಎಂದು ಕಪ್ಪನ್ನು ಕಪಾಟಿನೊಳಗಿಟ್ಟು ಬೀಗ ಜಡಿದರಂತೆ. ಬೀಗದ ಕೈ ಯಾರ ಹತ್ತಿರ ಇರಬೇಕು ಅನ್ನುವುದಕ್ಕೆ ಈಗ ಒಂದು ಸಮಿತಿ.

ಎಂಥ ಪುಣ್ಯವಂತರು ನೋಡಿ. ಇಂಥದ್ದಕ್ಕೆ ಜಗಳ ಆಡಬೇಕಾದರೆ ಮನೆಯಲ್ಲಿ ನೀರು, ಕರೆಂಟು, ಅಕ್ಕಿ ಎಲ್ಲ ಸರಿಯಾಗಿ ಬರುತ್ತಿರಬೇಕು.

ಜಗಳ ಏನು ಅನ್ನುವುದು ಇಷ್ಟು. ಹೈಡ್ರೋಫಾಯಿಲ್ ಅಂದರೆ ಹಲಗೆಯ ಅಡಿಯಲ್ಲಿ ಒಂದು ಕಂಬ, ಒಲಿಂಪಿಕ್ಸಿನದ್ದಾದರೆ 95 ಸೆಂಟಿಮೀಟರ್. ಕಂಬದ ಬುಡದಲ್ಲಿ ವಿಮಾನದ್ದರ ಹಾಗೆ ಎರಡು ರೆಕ್ಕೆ, ಮುಂದೆ ದೊಡ್ಡದು, ಹಿಂದೆ ಸಣ್ಣದು. ಗಾಳಿ ವಿಮಾನವನ್ನು ಎತ್ತಿದ ಹಾಗೆ ನೀರು ಈ ರೆಕ್ಕೆಯನ್ನು ಎತ್ತುತ್ತದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ, ಹಾಗಾಗಿ ಇಷ್ಟುದ್ದದ ರೆಕ್ಕೆ ಸಾಕು, ಆಳು ಹಲಗೆ ಎರಡೂ ಮೇಲೆ. ಹಲಗೆ ನೀರು ಬಿಟ್ಟ ಮೇಲೆ ಹಿಡಿದೆಳೆಯುವುದು ಬಹಳ ಕಡಿಮೆ. ಅಲೆಗೆ ಬಡಿದು ಪಟಪಟ ಅನ್ನುವ ಸದ್ದೂ ಇಲ್ಲ. ಸಣ್ಣ ಗಾಳಿಗೂ ಸೊಂಯ್ ಅಂತ ಹೋಗುತ್ತದೆ. ನೀರು ಮುಟ್ಟದ ಹಲಗೆ ಎಂಥ ಹಲಗೆ ಎಂದು ಹಳಬರು ಕೇಳುತ್ತಾರೆ. ಗಾಳಿ ಇದೆ, ಹಾಯಿ ಇದೆ, ಹಿಡಿದು ನಿಂತವನು ನಾನೇ, ಮತ್ತೆಂತ ಬೇಕು ಎಂದು ಇವನು ಕೇಳುತ್ತಾನೆ.

ಒಲಿಂಪಿಕ್ಸಿನವರಿಗೆ ಈ ಸಂಶಯ ಇಲ್ಲ. 1984ರ ಲಾಸ್ ಏಂಜಲೀಸ್‌ನಿಂದ ವಿಂಡ್‌ಸರ್ಫಿಂಗ್ ಅಲ್ಲಿದೆ. 2012ರ ಮೇ ತಿಂಗಳಲ್ಲಿ ಇದನ್ನು ತೆಗೆದು ಗಾಳಿಪಟ ಕಟ್ಟಿಕೊಂಡು ಓಡುವ ಕೈಟ್‌ಬೋರ್ಡಿಂಗ್ ಹಾಕುತ್ತೇವೆ ಅಂದರು, ನವೆಂಬರಿನಲ್ಲಿ ಇಲ್ಲ ಇಲ್ಲ, ಇದೇ ಇರಲಿ ಅಂದರು. 2024ರ ಪ್ಯಾರಿಸ್ ಒಲಿಂಪಿಕ್ಸಿಗೆ ಮಾರ್ಸೇಲ್‌ನ ಕಡಲಿನಲ್ಲಿ ಹಳೆಯ ಆರ್‌ಎಸ್:ಎಕ್ಸ್ ಹಲಗೆ ಹೋಗಿ ಐಕ್ಯೂಫಾಯಿಲ್ ಬಂತು. ಪೂರ್ತಿ ಫಾಯಿಲ್. ಹೆಸರು ವಿಂಡ್‌ಸರ್ಫಿಂಗೇ. ಚಿನ್ನ ಗೆದ್ದ ಇಸ್ರೇಲಿನ ಟಾಮ್ ರೂವೆನಿ, ಇಟಲಿಯ ಮಾರ್ತಾ ಮಜೆಟ್ಟಿ ಇಬ್ಬರ ಪದಕವನ್ನೂ ಯಾರೂ ಕಪಾಟಿನಲ್ಲಿಟ್ಟು ಬೀಗ ಹಾಕಲಿಲ್ಲ. ಅಳಿಯ ಇದನ್ನೆಲ್ಲ ಪ್ರಿಂಟ್ ತೆಗೆದು ಸಮಿತಿಗೆ ಕೊಟ್ಟನಂತೆ. ಪರಿಶೀಲಿಸುತ್ತೇವೆ ಅಂದರಂತೆ. ಆ ಮಾತು ದುಬೈಯಲ್ಲೂ ಇದೆ ಅಂತ ಕೇಳಿ ನನಗೆ ಒಂಥರಾ ಸಮಾಧಾನ.

ಈ ಆಟಕ್ಕೂ ವಕೀಲರಿಗೂ ಹಳೆಯ ನಂಟು. ಅಮೆರಿಕದ ಇಬ್ಬರು, ಜಿಮ್ ಡ್ರೇಕ್ ಮತ್ತು ಹೊಯ್ಲ್ ಶ್ವೈಟ್ಜರ್, ಇದು ನಮ್ಮದು ಎಂದು 1968ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಮುಂದೆ ಇಂಗ್ಲೆಂಡಿನಲ್ಲಿ ಕೇಸಾಯಿತು. 1958ರಲ್ಲೇ ಪೀಟರ್ ಚಿಲ್ವರ್ಸ್ ಎಂಬ ಹನ್ನೆರಡು ವರ್ಷದ ಹುಡುಗ ಹೇಲಿಂಗ್ ದ್ವೀಪದ ಹತ್ತಿರ ತಾನೇ ಮಾಡಿದ ಹಲಗೆಗೆ ಹಾಯಿ ಕಟ್ಟಿ ಓಡಿಸಿದ್ದ ಅನ್ನುವುದು ಎದುರು ಪಾರ್ಟಿಯ ವಾದ. ಪೇಟೆಂಟಿನಲ್ಲಿ ಕೈ ಹಿಡಿಯುವ ಬೂಮು ಬಿಲ್ಲಿನ ಹಾಗೆ ಬಾಗಿದ್ದು, ಹುಡುಗನದ್ದು ನೇರ. ಹಾಗಾದರೆ ಅದೂ ಇದೂ ಒಂದೆಯಾ? ಗಾಳಿ ತುಂಬಿದಾಗ ಹುಡುಗನ ಕೋಲೂ ಬಾಗುತ್ತದಲ್ಲ ಸ್ವಾಮಿ, ಒಂದೇ ಲೆಕ್ಕ ಎಂದು 1985ರಲ್ಲಿ ಮೇಲ್ಮನವಿ ಕೋರ್ಟು ಹೇಳಿತು. ಪೇಟೆಂಟು ಬಿದ್ದುಹೋಯಿತು. ಹುಡುಗನೊಬ್ಬನ ಕೋಲು ಬಾಗಿತಾ ಇಲ್ಲವಾ ಅಂತ ನೋಡಲು ದೊಡ್ಡ ದೊಡ್ಡ ಜಡ್ಜುಗಳು ಕೂತಿದ್ದರು. ಆ ಹುಡುಗನಿಗೆ ಅವತ್ತು ಇದ್ದ ಚಿಂತೆ ಬಹುಶಃ ಒಂದೇ, ಒದ್ದೆ ಚಡ್ಡಿಯಲ್ಲಿ ಮನೆಗೆ ಹೋದರೆ ಅಮ್ಮ ಏನಂತಾಳೆ.

ನಮ್ಮವರನ್ನು ಕೇಳಿದ್ದರೆ ಸಮಿತಿಯೇ ಬೇಡವಿತ್ತು. ಕಂಬಳದ ಗದ್ದೆಗೆ ಬಂದು ನೋಡಲಿ. ಕೋಣದ ಹಿಂದೆ ಏನು ಕಟ್ಟಿದೆ ಅನ್ನುವುದರ ಮೇಲೆ ಪಂದ್ಯವೇ ಬೇರೆ. ಹಗ್ಗ ಬೇರೆ, ನೇಗಿಲು ಬೇರೆ, ಅಡ್ಡಹಲಗೆ ಬೇರೆ, ಕನೆಹಲಗೆ ಬೇರೆ. ಕನೆಹಲಗೆಯಲ್ಲಂತೂ ಮೊದಲು ಮುಟ್ಟಿದವರು ಯಾರು ಅಂತ ಯಾರೂ ಕೇಳುವುದಿಲ್ಲ. ಹಲಗೆಯ ತೂತಿನಿಂದ ಕೆಸರು ನೀರು ಚಿಮ್ಮಿ ಮೇಲೆ ಕಟ್ಟಿದ ನಿಶಾನೆಗೆ ತಾಗಿತಾ, ಅಷ್ಟೇ. ಎತ್ತರ ಆರೂವರೆ ಕೋಲಾ, ಏಳೂವರೆ ಕೋಲಾ. ನಾನು ಸಣ್ಣವನಿದ್ದಾಗ ಪೈವಳಿಕೆ ಕಡೆ ಒಂದು ಕಂಬಳದಲ್ಲಿ ಅಜ್ಜನ ಹೆಗಲ ಮೇಲೆ ಕೂತಿದ್ದೆ. ನೀರು ನಿಶಾನೆಗೆ ಹೋಗಲಿಲ್ಲ, ನೇರ ಅಜ್ಜನ ಮುಂಡಾಸಿಗೆ ಬಂತು. ಅಜ್ಜ ಮುಖ ಒರೆಸಿಕೊಳ್ಳಲೂ ಇಲ್ಲ, "ಕೋಣ ಒಳ್ಳೆಯದುಂಟು" ಅಂದರು. ಹಲಗೆ, ನೀರು, ಮೇಲೆ ನಿಂತ ಮನುಷ್ಯ. ಇದನ್ನು ಯಾಕೆ ಒಲಿಂಪಿಕ್ಸಿಗೆ ಸೇರಿಸಬಾರದು ಅನ್ನುವ ಪ್ರಶ್ನೆ ಆವತ್ತಿನಿಂದ ನನ್ನ ತಲೆಯಲ್ಲಿದೆ. ಕೋಣಕ್ಕೆ ವೀಸಾ ಸಿಗಲಿಕ್ಕಿಲ್ಲ.

ಲೆಕ್ಕಕ್ಕೆ ಹಾಕುವುದು, ಲೆಕ್ಕದಿಂದ ತೆಗೆಯುವುದು ಕಾಸರಗೋಡಿನವರಿಗೆ ಹೊಸತಲ್ಲ, ಅಲ್ವಾ. ಮಳೆಗಾಲದಲ್ಲಿ ಬೋಟುಗಳು ಬಲೆ ಎಳೆಯಬಾರದು ಅನ್ನುವ ಟ್ರಾಲಿಂಗ್ ನಿಷೇಧವನ್ನೇ ನೋಡಿ. ಕರ್ನಾಟಕದಲ್ಲಿ 61 ದಿನ, ಕೇರಳದಲ್ಲಿ 52. ಗಡಿಯ ತಲಪಾಡಿಯ ಆಚೆಯ ಮೀನು ಜೂನ್ ಒಂದಕ್ಕೇ ಬಾಣಂತನಕ್ಕೆ ಕೂರಬೇಕು, ಈಚೆಯದ್ದಕ್ಕೆ ಇನ್ನೂ ಒಂಬತ್ತು ದಿನ ಡ್ಯೂಟಿ. ಕಡಲಿನಲ್ಲಿ ಗಡಿಕಲ್ಲು ಎಲ್ಲಿದೆ ಅಂತ ಬೂತಾಯಿಗೆ ಯಾರು ತೋರಿಸಿಕೊಟ್ಟರೋ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಲಿ ಎಂದು ಗಡಿ ವಿವಾದದ ಮಹಾಜನ ವರದಿ 1967ರಲ್ಲೇ ಹೇಳಿತ್ತು. ಹೊಳೆ ಈಗಲೂ ಹರಿಯುತ್ತಿದೆ. ವರದಿ ಎಲ್ಲಿದೆಯೋ. ಕರ್ನಾಟಕ ನಮ್ಮನ್ನು ನವೆಂಬರಿನ ಭಾಷಣಕ್ಕೆ ಲೆಕ್ಕ ಹಿಡಿಯುತ್ತದೆ, ಕೇರಳ ಓಟಿಗೆ.

ಮೊನ್ನೆ ಪಕ್ಕದ ಮನೆಯ ಹುಡುಗಿ ಗಣಿತದ ನೋಟ್ಸು ಹಿಡಿದುಕೊಂಡು ಬಂದಳು. ಕನ್ನಡ ಮಾಧ್ಯಮ. ಪುಟದ ಮೇಲೆ ದುಂಡಗಿನ ಕನ್ನಡ ಅಕ್ಷರದಲ್ಲಿ "ಮಟ್ಟತ್ರಿಕೋಣಂ" ಅಂತ ಬರೆದಿದ್ದಾಳೆ. ಕೆಳಗೆ ಚಿತ್ರ. ಪುಸ್ತಕದಲ್ಲಿ ಅದೇ ಚಿತ್ರದ ಕೆಳಗೆ ಲಂಬಕೋನ ತ್ರಿಭುಜ ಅಂತಿದೆ.

"ಮಟ್ಟ ಅಂದರೆ ಗಾರೆಯವರ ಮಟ್ಟವಾ ಅಜ್ಜ? ಇದೂ ಅದೂ ಒಂದೆಯಾ?"

ಟೀಚರಿಗೆ ಕನ್ನಡ ಬರುವುದಿಲ್ಲ. ಅವರ ತಪ್ಪೇನೂ ಅಲ್ಲ ಅದು, ಎಲ್ಲಿಗೆ ಹಾಕಿದರೋ ಅಲ್ಲಿಗೆ ಬಂದರು. ಮಲಯಾಳದಲ್ಲಿ ಹೇಳುತ್ತಾರೆ, ಮಕ್ಕಳು ಕೇಳಿದ್ದನ್ನು ಕನ್ನಡ ಅಕ್ಷರದಲ್ಲಿ ಇಳಿಸಿಕೊಳ್ಳುತ್ತಾರೆ. ಪರೀಕ್ಷೆ ಬರೆಯುವುದು ಕನ್ನಡದಲ್ಲಿ. ರಿಜಿಸ್ಟರಿನಲ್ಲಿ ಇದು ಕನ್ನಡ ಮಾಧ್ಯಮ. ಇದು ಇನ್ನೂ ಕನ್ನಡ ಶಾಲೆಯಾ ಅಂತ ಕೇಳಲು ಯಾವ ಸಮಿತಿಯೂ ಇಲ್ಲ. ಊರವರು ಗೇಟಿನ ಎದುರು ಕೂತಾಗ ಒಂದು ಫೋಟೋ ಬರುತ್ತದೆ, ಮತ್ತೆ ಮುಂದಿನ ಜೂನಿನಲ್ಲಿ ಇನ್ನೊಂದು ಶಾಲೆಯ ಗೇಟು, ಅದೇ ಫೋಟೋ. ನಲವತ್ತು ವರ್ಷದಿಂದ ಇದನ್ನೇ ನೋಡುತ್ತಿದ್ದೇನೆ, ಇದನ್ನೇ ಬರೆಯುತ್ತಿದ್ದೇನೆ. ತಮಾಷೆ ಮಾಡಿ ಬರೆಯಲೂ ಈಗ ಬೇಜಾರು. ಆ ಹುಡುಗಿಗೆ ಎಂಟನೇ ಕ್ಲಾಸು ಇನ್ನೊಮ್ಮೆ ಬರುವುದಿಲ್ಲ.

ಇರಲಿ. ಅಳಿಯನ ಕಥೆ ಬಾಕಿ ಇದೆ.

ಫೋನ್ ಬಂದ ಎರಡು ವಾರಕ್ಕೆ ಅವನೇ ರಜೆಯಲ್ಲಿ ಬಂದ. ಟವಲಿನಲ್ಲಿ ಸುತ್ತಿ ಫಾಯಿಲಿನ ಮುಂದಿನ ರೆಕ್ಕೆ ತಂದಿದ್ದ. ಕಲ್ಲಿಗೆ ತಾಗಿ ಅಂಚಿನಲ್ಲಿ ಉಗುರಿನಷ್ಟು ಎದ್ದುಹೋಗಿತ್ತು. ದುಬೈಯಲ್ಲಿ ರಿಪೇರಿಗೆ ಕೇಳಿದ ದುಡ್ಡಿಗೆ ಇಲ್ಲಿ ಒಂದು ಬಾವಿ ತೋಡಬಹುದಂತೆ. ಕುಂಬಳೆ ಕಡಪ್ಪುರದಲ್ಲಿ ಫೈಬರ್ ದೋಣಿಗೆ ತೇಪೆ ಹಾಕುವ ಕಾಕ ಒಬ್ಬರಿದ್ದಾರೆ, ಅಲ್ಲಿಗೆ ಹೋದೆವು. ಕಾಕ ಬೀಡಿ ಕೆಳಗಿಟ್ಟು, ಹೆಬ್ಬೆರಳಿನಿಂದ ಅಂಚನ್ನು ಈ ತುದಿಯಿಂದ ಆ ತುದಿಗೆ ಸವರಿದರು. ತಿರುಗಿಸಿ ಇನ್ನೊಮ್ಮೆ ಸವರಿದರು.

"ಇದು ಯಾವುದರದ್ದು ಮೋನೇ?"

ಅಳಿಯ ಶುರು ಮಾಡಿದ. ಒಲಿಂಪಿಕ್ಸು, ಮಾರ್ಸೇಲ್, ಹಳಬರು, ಕಪಾಟು. ಅವನು ಸಮಿತಿಗೆ ಬರುವಷ್ಟರಲ್ಲಿ ಕಾಕ ರೆಸಿನ್ ಕಲಸಿ ಆಗಿತ್ತು. "ಉಪ್ಪುನೀರಿಗೆ ಇಳಿಯುತ್ತದಲ್ಲ? ಹಾಗಾದರೆ ದೋಣಿ. ಇನ್ನೂರು ಕೊಡು" ಅಂದರು.

ವಾಪಸು ಹೋಗುವಾಗ ವಿಮಾನ ನಿಲ್ದಾಣದಿಂದ ಫೋನ್. ಕೌಂಟರಿನ ಹುಡುಗಿಗೆ ಈ ರೆಕ್ಕೆಯನ್ನು ಯಾವುದಕ್ಕೆ ಸೇರಿಸುವುದು ಗೊತ್ತಾಗಲಿಲ್ಲವಂತೆ. ಅವಳ ಕಂಪ್ಯೂಟರಿನಲ್ಲಿ ಸರ್ಫ್‌ಬೋರ್ಡ್ ಇದೆ, ಸೈಕಲ್ ಇದೆ, ಗಾಲ್ಫ್ ಇದೆ. ನಮ್ಮವನು ಬಿಡುತ್ತಾನಾ, ಅಲ್ಲೂ ವಿಂಡ್‌ಸರ್ಫಿಂಗ್ ಅಂತಲೇ ಬರೆಯಬೇಕು ಎಂದು ಹಟ ಹಿಡಿದಿರುತ್ತಾನೆ ಅಂದುಕೊಂಡೆ.

"ಕೊನೆಗೆ ಎಂತ ಬರೆದಳು?"

"ಸಂಗೀತ ವಾದ್ಯ ಅಂತ, ಮಾವ. ಅದಕ್ಕೆ ಚಾರ್ಜು ಕಡಿಮೆ. ನಾನೇ ಹೇಳಿದ್ದು."